ಚೆಕಿಂಗಮ್ಮನ ಫೋನ್ ಬಿಚ್ಚಿದ್ದು

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದ ಹೆಂಗಸಿಗೆ ಬೀದಿಯವರು ಚೆಕಿಂಗಮ್ಮ ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೆಲಸ ಬಿಟ್ಟರೂ ಚಾಳಿ ಬಿಡಬೇಕಲ್ಲ! ಆಕೆಯ ಕಣ್ಣಿಗೆ ಎದುರು ಬಂದವರೆಲ್ಲ ಟಿಕೆಟ್ ಇಲ್ಲದೆ ಹತ್ತಿದವರೇ. ಹಾಲಿನವನು ನೀರು ಬೆರೆಸಿರುತ್ತಾನೆ, ಡಾಕ್ಟರು ಬೇಡದ ಮಾತ್ರೆ ಬರೆದಿರುತ್ತಾರೆ. ಸೊಸೆಯಂತೂ ಒಳಗೊಳಗೇ ಏನೋ ಮಸಲತ್ತು ನಡೆಸಿಯೇ ಇರುತ್ತಾಳೆ. ಇನ್ನೂ ಸಿಕ್ಕಿಬಿದ್ದಿಲ್ಲ, ಅಷ್ಟೇ.

ಸೊಸೆ ಫೋನ್ ರಿಪೇರಿಯವಳು. ಮನೆಯ ಮುಂದಿನ ಕೋಣೆಯೇ ಅವಳ ಕೆಲಸದ ಜಾಗ. ಹಾಗಿದ್ದೂ ತನ್ನ ಫೋನಿನ ಬೆನ್ನು ಉಬ್ಬಿ, ಚಾರ್ಜ್ ಹಿಡಿಯದೆ ಸತ್ತು ಬಿದ್ದಾಗ ಚೆಕಿಂಗಮ್ಮ ಅದನ್ನು ಕೈಚೀಲದ ತಳಕ್ಕೆ ತುರುಕಿ ಪೇಟೆಯ ಆ ತುದಿಯ ಅಂಗಡಿಗೆ ಹೋದಳು. ಕಾರಣವಿತ್ತು. ಫೋನಿನ ತುಂಬ ತಂಗಿಗೆ ಕಳಿಸಿದ ವಾಯ್ಸ್ ಮೆಸೇಜುಗಳು, ಆ ಮೆಸೇಜುಗಳ ತುಂಬ ಸೊಸೆಯ ಮೇಲಿನ ದೂರುಗಳು. ಅವಳು ಏಳುವುದು ತಡ, ನಗುವುದು ಜಾಸ್ತಿ, ಮಗನನ್ನು ಬುಟ್ಟಿಗೆ ಹಾಕಿಕೊಂಡಿದ್ದಾಳೆ. ಒಂದೇ ಒಂದು ಅವಳ ಕಿವಿಗೆ ಬಿದ್ದರೂ ಈ ಮನೆಯಲ್ಲಿ ತಾನು ಯಾವ ಮುಖ ಇಟ್ಟುಕೊಂಡು ಇರುವುದು? ಹೋಗಿ ಇರಲು ಬೇರೆ ಮನೆಯೂ ಇರಲಿಲ್ಲ.

“ಲಾಕ್ ನಂಬರ್ ಹೇಳಿಮ್ಮಾ, ಆಮೇಲೆ ಚೆಕ್ ಮಾಡ್ಬೇಕಾಗುತ್ತೆ,” ಎಂದ ಅಂಗಡಿಯವನು.

“ಚೆಕ್ ನಾನು ಮಾಡ್ಕೋತೀನಿ. ನೀನು ರಿಪೇರಿ ಮಾಡು ಸಾಕು. ಬೇರೆ ಯಾರ ಕೈಗೂ ಕೊಡಕೂಡದು, ತಿಳೀತಾ?”

ಅವನು ತಲೆಯಾಡಿಸಿದ. ತಲೆಯಾಡಿಸಿದ ರೀತಿ ಆಕೆಗೆ ಯಾಕೋ ಸರಿಬರಲಿಲ್ಲ. ಅವನು ಅತ್ತ ತಿರುಗಿದ್ದೇ ತಡ, ಪಿನ್ನಿನಿಂದ ಫೋನಿನ ಅಂಚಿಗೊಂದು ಗೀರು ಎಳೆದಳು. ಫೋನನ್ನೇ ಬದಲಿಸಿಬಿಟ್ಟರೆ ಎಂಬ ಭಯ.

ಮರುದಿನ ಮಧ್ಯಾಹ್ನ ಕತ್ತರಿ ಹುಡುಕುವ ನೆಪದಲ್ಲಿ ಸೊಸೆಯ ಕೋಣೆಗೆ ಇಣುಕಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಮೇಜಿನ ಮೇಲೆ, ದೀಪದ ಕೆಳಗೆ, ಬೆನ್ನು ಬಿಚ್ಚಿಸಿಕೊಂಡು ಬೋರಲು ಮಲಗಿತ್ತು ಫೋನು. ಅಂಚಿನಲ್ಲಿ ಅದೇ ಗೀರು.

ಅಂದರೆ ಅಂಗಡಿಯವನೂ ಇವಳೂ ಶಾಮೀಲು! ಲಾಕ್ ಮುರಿಯುವುದು ಈ ಜನಕ್ಕೆ ನೀರು ಕುಡಿದಷ್ಟು ಸುಲಭ. ಆದರೆ ಚೆಕಿಂಗಮ್ಮ ಕೂಗಾಡಲಿಲ್ಲ. ಕಳ್ಳ ಪ್ರಯಾಣಿಕನನ್ನು ಹಿಡಿಯುವ ಮೊದಲು ಬೋಗಿಯ ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಕು. ಅವನೇ ಚಡಪಡಿಸಿ ಸಿಕ್ಕಿಬೀಳುತ್ತಾನೆ. ಆಕೆ ಬಾಗಿಲ ಮರೆಗೆ ಸರಿದು ನಿಂತಳು.

ಸೊಸೆ ಬಿಳಿ ಹಾಳೆಯ ಮೇಲೆ ಫೋನಿನ ಚಿತ್ರ ಬರೆದುಕೊಂಡು, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಚಿತ್ರದ ಅದೇ ಜಾಗದಲ್ಲಿ ಇಟ್ಟಿದ್ದಳು. ಸಾಸಿವೆಗಿಂತ ಸಣ್ಣ ಸ್ಕ್ರೂಗಳು. ಬ್ಯಾಟರಿ ಹೊಟ್ಟೆ ಉಬ್ಬರಿಸಿಕೊಂಡು ಕೂತಿತ್ತು. ಅದರ ಅಂಚಿಗೆ ಸ್ಪಿರಿಟ್ ಹನಿಸಿ, ಅಂಟು ಮೆತ್ತಗಾಗಲು ಕಾದು, ಪ್ಲಾಸ್ಟಿಕ್ ಕಾರ್ಡನ್ನು ಕೆಳಗೆ ತೂರಿಸಿ ಕೂದಲೆಳೆಯಷ್ಟೇ ಎತ್ತಿದಳು. ಮತ್ತೆ ಹನಿಸಿದಳು. ಚುಚ್ಚಿಹೋದರೆ ಬೆಂಕಿ ಹತ್ತುವ ವಸ್ತು. ಎದ್ದು ಬಂದದ್ದನ್ನು ಮರಳಿನ ಡಬ್ಬಿಗೆ ಹಾಕಿ ಮುಚ್ಚಿದಳು. ಆಮೇಲೆ ಚಾರ್ಜರ್ ಚುಚ್ಚುವ ಕಡೆ ತುಕ್ಕು ಹಿಡಿದಿದ್ದ ಪುಟ್ಟ ಬೋರ್ಡನ್ನು ತೆಗೆದು ಹೊಸದನ್ನು ಕೂರಿಸಿದಳು. ಅಬ್ಬಬ್ಬಾ, ಕಳ್ಳತನಕ್ಕೆ ಎಷ್ಟು ತಾಳ್ಮೆ ಎಂದುಕೊಂಡಳು ಚೆಕಿಂಗಮ್ಮ.

ಹೊಸ ಬ್ಯಾಟರಿ ಕೂತಿತು, ಸ್ಕ್ರೂಗಳು ಬಿಗಿಯಾದವು, ಬೆನ್ನು ಮುಚ್ಚಿತು. ಸೊಸೆ ಫೋನನ್ನು ತಿರುಗಿಸಿ ಆನ್ ಮಾಡಿದಳು. ಪರದೆ ಬೆಳಗಿತು. ಈಗ ಬೆರಳು ಹೋಗುತ್ತದೆ, ಈಗ ಹಿಡಿಯಬೇಕು ಎಂದು ಚೆಕಿಂಗಮ್ಮ ಒಂದು ಕಾಲು ಮುಂದಿಟ್ಟಳು. ಸೊಸೆ ಪರದೆ ಕಾಣದ ಹಾಗೆ ಫೋನನ್ನು ಬೋರಲು ಮಲಗಿಸಿದಳು.

“ಒಳಗೆ ಬನ್ನಿ ಅತ್ತೆ. ಆಗಿನಿಂದ ನಿಂತೇ ಇದ್ದೀರಿ, ಕಾಲು ನೋಯಲ್ವಾ?”

ಸಿಕ್ಕಿಬಿದ್ದದ್ದು ಯಾರು ಎಂದು ಒಂದು ಕ್ಷಣ ತಿಳಿಯದಂತಾಯಿತು. ಆದರೂ ಜೋರು ಬಿಡಲಿಲ್ಲ.

“ಇದು ನಿನ್ನ ಕೈಗೆ ಹೇಗೆ ಬಂತು?”

“ಊದಿದ ಬ್ಯಾಟರಿ ಕಂಡ್ರೆ ಅಂಗಡಿಯವರಿಗೆ ಹೆದರಿಕೆ, ಮುಟ್ಟಲ್ಲ. ಪೇಟೇಲಿ ಯಾರಿಗೆ ಕೊಟ್ಟಿದ್ರೂ ಕೊನೆಗೆ ಇಲ್ಲಿಗೇ ಬರ್ತಿತ್ತು.”

“ಒಳಗಿರೋದನ್ನೆಲ್ಲ ಕೇಳಿದ್ಯಾ?”

“ಲಾಕ್ ಇದೆಯಲ್ಲ. ನೀವೇ ತೆಗೀರಿ. ಹೊಸ ಬೋರ್ಡಲ್ಲೇ ಮೈಕ್ ಇರೋದು, ಕೆಲಸ ಮಾಡುತ್ತಾ ನೋಡ್ಬೇಕು. ಏನಾದ್ರೂ ಮಾತಾಡಿ.”

ಚೆಕಿಂಗಮ್ಮ ಅಂಗೈ ಮರೆಮಾಡಿ ನಂಬರ್ ಒತ್ತಿದಳು. ಫೋನನ್ನು ಬಾಯಿಯ ಹತ್ತಿರ ಹಿಡಿದಳು. ಏನು ಹೇಳುವುದು? ಇಷ್ಟು ವರ್ಷ ಅದಕ್ಕೆ ಹೇಳಿದ್ದೆಲ್ಲ ಎದುರಿಗಿರುವವಳ ಮೇಲಿನ ದೂರೇ.

“ದಿನಾ ಹೇಳೋದನ್ನೇ ಹೇಳಿ ಅತ್ತೆ,” ಎಂದಳು ಸೊಸೆ, ಸ್ಕ್ರೂಡ್ರೈವರ್ ಒರೆಸುತ್ತ. “ಅಡುಗೆಮನೇಲಿ ನೀವು ಮಾತಾಡೋದು ಇಲ್ಲಿಗೆ ಚೆನ್ನಾಗೇ ಕೇಳ್ಸುತ್ತೆ. ಮದುವೆಯಾಗಿ ಬಂದಾಗಿನಿಂದ ಕೇಳ್ತಿದ್ದೀನಿ.”

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಚೆಕಿಂಗಮ್ಮನಿಗೆ. ಎಲ್ಲ ಗೊತ್ತಿದ್ದೂ ಈ ಹುಡುಗಿ ಒಂದು ದಿನ ಎದುರಾಡಿದವಳಲ್ಲ, ಮುಖ ಗಂಟಿಕ್ಕಿದವಳಲ್ಲ. ಆಕೆ ಗಂಟಲು ಸರಿಮಾಡಿಕೊಂಡು, ತಂಗಿಗೆ ಮೆಸೇಜ್ ಮಾಡುವ ಬಟನ್ ಒತ್ತಿದಳು.

“ಫೋನ್ ರಿಪೇರಿ ಆಯ್ತು ಕಣೇ. ನಮ್ಮ ಸೊಸೇನೇ ಮಾಡಿದ್ಲು. ಅಚ್ಚುಕಟ್ಟಾಗಿ ಮಾಡಿದ್ಲು.”

ಕಳಿಸುವ ಮೊದಲು ಸೊಸೆ ಅದನ್ನು ಮತ್ತೆ ಹಾಕಿ ಕೇಳಿಸಿದಳು. ಚೆಕಿಂಗಮ್ಮ ತನ್ನ ಮಾತನ್ನು ತಾನೇ ಹಾಗೆ ಕೇಳಿಸಿಕೊಂಡವಳೇ ಅಲ್ಲ. ಹೇಳುವುದು, ಕಳಿಸುವುದು, ಅಷ್ಟೇ ಗೊತ್ತು. ಮೈಕ್ ಏನೋ ಚೆನ್ನಾಗಿತ್ತು. ಆದರೆ ಹೊಗಳಿದ ಮಾತೂ ದೂರು ಹೇಳಿದ ಹಾಗೆಯೇ ಕೇಳಿಸಿತು.

“ಅಳಿಸು ಅದನ್ನ,” ಎಂದಳು. “ಇನ್ನೊಂದ್ಸಲ ಹೇಳ್ತೀನಿ.”