ಗಾದಿಲಿಂಗಮ್ಮನ ಎಡಗಾಲು

ನಮ್ಮೂರ ಮೆಟ್ಟಿಲುಬಾವಿಯ ನೀರು ಎಷ್ಟು ಸಿಹಿ ಅಂದರೆ, ಕೌತಾಳಂ ಕಡೆಯ ಎತ್ತುಗಳು ಅದರ ವಾಸನೆ ಹಿಡಿದು ಹಗ್ಗ ಹರಿದುಕೊಂಡು ಬರುತ್ತಿದ್ದವು. ಒಂದೇ ಮಧ್ಯಾಹ್ನ ಅಂಥ ನಾನೂರು ಎತ್ತುಗಳನ್ನು ನಾನೊಬ್ಬನೇ ಹಿಂದಕ್ಕೆ ಹೊಡೆದಿದ್ದೇನೆ. ಸುತ್ತ ಬೇರೆ ಬಾವಿಗಳಿರಲಿಲ್ಲ ಅಂತಲ್ಲ. ಇದ್ದವು, ಎಲ್ಲವೂ ಉಪ್ಪು. ಒಂದು ಗುಟುಕು ಕುಡಿದರೆ ಮೀಸೆ ಬೆಳ್ಳಗಾಗುವಷ್ಟು ಉಪ್ಪು. ಹಾಗಾಗಿ ಊರಿಗೆ ಊರೇ ಆ ಒಂದು ಬಾವಿಗೆ ಇಳಿಯಬೇಕು, ಮೊಣಕಾಲುಮಟ ನೀರಲ್ಲಿ ನಿಂತು ಕೊಡ ಮುಳುಗಿಸಬೇಕು. ಹಾಗೆ ಕುಡಿದ ನೀರು ಒಂದು ವರ್ಷಕ್ಕೆ ನಮ್ಮ ಕಾಲಿಂದ ನಾರುಹುಳವಾಗಿ ಹೊರಗೆ ಬರುತ್ತಿತ್ತು.

ನಾರುಹುಳ ಕಾಣದ ಪುಣ್ಯವಂತರಿಗೆ ಹೇಳುತ್ತೇನೆ. ಬೇಸಿಗೆಯಲ್ಲಿ ಕಾಲ ಮೇಲೆ ಒಂದು ಬೊಬ್ಬೆ ಏಳುತ್ತದೆ. ಕೆಂಡ ಇಟ್ಟಂತೆ ಉರಿಯುತ್ತದೆ. ಒಡೆದಾಗ ಒಳಗಿಂದ ಬಿಳಿ ದಾರದಂಥ ಒಂದು ತುದಿ ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಾ ಒಂದಿಷ್ಟೇ ಎಳೆಯಬೇಕು, ಹರಿದರೆ ಕಾಲು ಕೀವುಗಟ್ಟುತ್ತದೆ. ನನ್ನ ಕಾಲಿಂದ ಒಮ್ಮೆ ಬಂದದ್ದನ್ನು ಸುತ್ತಲು ಕಡ್ಡಿ ಸಾಲದೆ ಗಾಡಿಯ ಗಾಲಿಗೆ ಸುತ್ತಿದ್ದೆವು. ಹತ್ತಿ ಹೇರಿಕೊಂಡು ಆದೋನಿಗೆ ಹೋದಾಗ ದಲ್ಲಾಳಿಗಳು ಅದನ್ನು ನೂಲು ಅಂದುಕೊಂಡು ಬೆಲೆ ಕೇಳಿದರು. ನಗುವವರು ನಗಲಿ. ನನ್ನ ಹೆಂಡತಿ ಗಾದಿಲಿಂಗಮ್ಮನ ಕಾಲಿನ ವಿಷಯಕ್ಕೆ ಬಂದರೆ ಮಾತ್ರ ನನಗೆ ಸೇರಿಸಿ ಹೇಳಲು ಏನೂ ಸಿಗುವುದಿಲ್ಲ.

ಆಕೆಗೆ ವರ್ಷಾ ವರ್ಷಾ ಹುಳ. ಎಲ್ಲವೂ ಬಲಗಾಲಿಗೇ. ಒಂದು ಸಲ ಒಳಗೇ ಹರಿದು ಮೊಣಕಾಲು ಬಾತು, ಬಾವು ಇಳಿದ ಮೇಲೆ ಕಾಲು ಮಡಚಿದ್ದು ಮಡಚಿದ ಹಾಗೇ ಉಳಿಯಿತು. ಒಕ್ಕಾಲಲ್ಲೇ ರೊಟ್ಟಿ ಬಡಿಯುತ್ತಿದ್ದಳು, ಕೋಲು ಊರಿಕೊಂಡು ಹೊಲಕ್ಕೆ ಬುತ್ತಿ ತರುತ್ತಿದ್ದಳು. ಆದೋನಿಯ ಡಾಕ್ಟರು ಎರಡು ಕಾಲನ್ನೂ ಮುಟ್ಟಿ ನೋಡಿ, ಬಲಗಾಲಿನ ಆಸೆ ಬಿಡು, ಎಡಗಾಲಿಗೂ ಇದು ಬಂತೆಂದರೆ ಈಕೆ ಜೀವ ಇರುವತನಕ ನೆಲದ ಮೇಲೆ ತೆವಳಬೇಕು ಅಂದಿದ್ದರು. ಆ ಮಾತು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಆಕೆಯ ಮುಖ ನೋಡಿದರು. ಆಕೆ ಸೆರಗಿನಿಂದ ಎಡಗಾಲನ್ನು ಮುಚ್ಚಿಕೊಂಡಳು.

ಈಗ ನಮ್ಮೂರ ಪದ್ಧತಿ ಕೇಳಿ. ಬಾವಿಯ ಗೋಡೆಯ ಗೂಡಿನಲ್ಲಿ ಬಾವೆಮ್ಮ ಇದ್ದಾಳೆ. ಹುಳ ಎದ್ದವರು ಮಂಗಳವಾರ ಮೆಟ್ಟಿಲಿಳಿದು ಆಕೆಗೆ ಕಾಲು ಒಪ್ಪಿಸಬೇಕು. ಅಂದರೆ, ಹುಣ್ಣಿನ ಕಾಲನ್ನು ನೀರಿಗೆ ಬಿಟ್ಟು ಕೂರಬೇಕು. ಕ್ಷಣದಲ್ಲಿ ಹುಣ್ಣಿನಿಂದ ಹಾಲಿನಂಥದ್ದು ನೀರಿಗೆ ಬರುತ್ತದೆ, ಉರಿ ತಟ್ಟನೆ ಇಳಿಯುತ್ತದೆ. ತಾಯಿ ವಿಷ ಹೀರಿದಳು ಅಂತ ಅರ್ಥ. ಆಮೇಲೆ ಅದೇ ಮೆಟ್ಟಿಲಲ್ಲಿ ಕೂತು ಮೂರು ಬೊಗಸೆ ನೀರು ಪ್ರಸಾದ ಅಂತ ಕುಡಿಯಬೇಕು. ಗಾದಿಲಿಂಗಮ್ಮ ಒಂದು ವರ್ಷವೂ ತಪ್ಪಿಸಿದವಳಲ್ಲ.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಹೋಗಿ ನಾವು ಆಂಧ್ರದಲ್ಲಿ ಉಳಿದ ಮೇಲಿನ ಎರಡನೇ ಬೇಸಿಗೆ. ಸರಕಾರ ನಮ್ಮ ಸೀಮೆಗೆ ದಸ್ತಗಿರಿ ಅನ್ನುವ ಹೆಲ್ತ್ ಇನ್‌ಸ್ಪೆಕ್ಟರನ್ನು ಕಳಿಸಿತು. ಆದೋನಿಯವನೇ, ನಮ್ಮಂತೆಯೇ ಮಾತಾಡುವವನು. ಬಸ್ಸು ಕೆಟ್ಟು ನಿಂತಿತ್ತು, ಹಾಗಾಗಿ ನನ್ನ ಖಾಲಿ ಗಾಡಿಯಲ್ಲಿ ಒಂದು ಮರದ ಪೆಟ್ಟಿಗೆ ತಬ್ಬಿಕೊಂಡು ಬಂದ. ಪೆಟ್ಟಿಗೆಯಲ್ಲಿ, ಕಣ್ಣಿಗೆ ಕಾಣದ್ದನ್ನು ದೊಡ್ಡದು ಮಾಡಿ ತೋರಿಸುವ ಹಿತ್ತಾಳೆಯ ದುರ್ಬೀನು. ಬಾವಿಯ ನೀರಿನ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು, ಮೊದಲು ನನಗೇ ತೋರಿಸಿದ. ಊರಿಗೆಲ್ಲ ಮೊದಲು ನೋಡಿದ ಕಣ್ಣು ನನ್ನದು, ಬರೆದಿಟ್ಟುಕೊಳ್ಳಿ. ಹನಿಯೊಳಗೆ ನೀರುಹೇನು ಓಡಾಡುತ್ತಿದ್ದವು. ಅವನು ಬಿಡಿಸಿ ಹೇಳಿದ: ಕಾಲಿಂದ ಬರುವ ಹಾಲು ವಿಷವಲ್ಲ, ಹುಳದ ಮರಿಗಳು. ಅವನ್ನು ಈ ಹೇನು ನುಂಗುತ್ತದೆ, ಹೇನನ್ನು ನಾವು ನುಂಗುತ್ತೇವೆ. ಅಲ್ಲಿಂದ ಒಂದು ವರ್ಷಕ್ಕೆ ಮರಿ ಮಾರುದ್ದ ಬೆಳೆದು ಕಾಲು ಸೀಳಿಕೊಂಡು ಬರುತ್ತದೆ. ಮದ್ದು ಇಲ್ಲ, ಬೇಕಾಗಿಯೂ ಇಲ್ಲ. ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿದರೆ ಸಾಕು. ಗೋಡೆ ಕಟ್ಟಿ ಮೆಟ್ಟಿಲು ಮುಚ್ಚಿ, ಮೇಲಿಂದ ಹಗ್ಗದಲ್ಲಿ ಸೇದಲು ಗಡಗಡಿ ಹಾಕಿದರೆ ಊರಿಗೇ ಬಿಡುಗಡೆ. ಗೋಡೆಯ ಖರ್ಚು ಸರಕಾರದ್ದು.

ನಾನು ಗಾಡಿ ಬಿಟ್ಟವನೇ ಮನೆಗೆ ಓಡಿದೆ. ಗಾಳಿ ನನ್ನ ಹಿಂದೆ ಬಿತ್ತು, ಅಷ್ಟು ಜೋರು. ಗಾದಿಲಿಂಗಮ್ಮ ಮಡಚಿದ ಬಲಗಾಲನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಆ ವರ್ಷದ ಹುಳ ಹಿಮ್ಮಡದ ಮೇಲೆ ಆಗಷ್ಟೇ ತಲೆ ಹಾಕಿತ್ತು. ಇದು ಬರಲಿ, ಇನ್ನೊಂದು ಒಳಗೆ ಹೋಗಬಾರದು, ಇವತ್ತಿನಿಂದ ಸೋಸಿ ಕುಡಿ ಅಂದೆ. ಆಕೆ ಒಪ್ಪಲಿಲ್ಲ. ಗಂಗಮ್ಮನನ್ನು ಹಿಟ್ಟಿನಂತೆ ಬಟ್ಟೆಯಲ್ಲಿ ಜಾಡಿಸುವುದೇ, ಇಷ್ಟು ವರ್ಷ ನನ್ನ ಎಡಗಾಲು ಕಾಪಾಡಿದ ತಾಯಿಗೆ ಇದು ಮಾಡುವ ಕೆಲಸವೇ ಅಂದಳು. ನಾನು ಕಾಲಿಗೆ ಬಿದ್ದೆ, ಎಡಗಾಲಿಗೇ ಬಿದ್ದೆ. ಕಡೆಗೆ ಒಂದು ಮಾತು ಕೊಟ್ಟಳು: ಊರ ಹಿರಿಯರು ಕೂಡಿ, ಬಾವೆಮ್ಮನ ಎದುರಿಗೆ, ಹೌದು ಅಂದರೆ ತಾನೂ ಸೋಸುತ್ತೇನೆ. ಹಾಗಾಗಿ ಆಕೆಯ ಎಡಗಾಲು ಪಂಚಾಯ್ತಿಯ ಕಟ್ಟೆಗೆ ಬಂತು.

ಕಟ್ಟೆಯ ಮೇಲೆ ಆವತ್ತು ಜನ ಅಂದರೆ ಜನ. ಪೆದ್ದಕಡುಬೂರಿನವರೆಗೆ ನಿಂತಿದ್ದರು ಅಂತ ಇಟ್ಟುಕೊಳ್ಳಿ. ಮಧ್ಯೆ ಸರಪಂಚ ಉಚ್ಚೀರಪ್ಪ ಕೂತಿದ್ದ. ಅವನ ಚುನಾವಣೆ ಹತ್ತಿರದಲ್ಲಿತ್ತು. ಆದೋನಿಯಲ್ಲಿ ಅಧಿಕಾರಿಗಳೆದುರು ಗೋಡೆ ಕಟ್ಟಿಸುತ್ತೇನೆ ಅಂತ ತಲೆ ಆಡಿಸಿ ಬಂದವನು ಅವನೇ. ಪಕ್ಕದಲ್ಲಿ ಬಾವೆಮ್ಮನ ಪೂಜಾರಿ ದುರುಗಣ್ಣ. ಇವನು ಗಂಟೆ ಬಾರಿಸಿದರೆ ಅರ್ಧ ಊರಿನ ಓಟು ಅತ್ತ ವಾಲುತ್ತಿತ್ತು.

ದಸ್ತಗಿರಿ ಬಿಸಿಲಿಗೆ ದುರ್ಬೀನು ತಿರುಗಿಸಿಟ್ಟು ಮೊದಲು ಉಚ್ಚೀರಪ್ಪನನ್ನು ಕರೆದ. ಉಚ್ಚೀರಪ್ಪ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಎದ್ದವನು ಕೈಯಲ್ಲಿದ್ದ ನೀರಿನ ಚೆಂಬನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ. ಆ ಉರಿಬಿಸಿಲಲ್ಲಿ ಸಭೆ ಮುಗಿಯುವತನಕ ಅದನ್ನು ಮುಟ್ಟಲಿಲ್ಲ. ಊರಲ್ಲಿ ಅದನ್ನು ಗಮನಿಸಿದವನು ನಾನೊಬ್ಬನೇ.

ದುರುಗಣ್ಣ ನೋಡಲು ಬಗ್ಗಲೇ ಇಲ್ಲ. "ಸಾಬರ, ಹಾಲಿನಂಗ ಬಿಳೇದು ಹೊರಗ ಬರೋದು ಎಲ್ಲಾರೂ ಕಂಡಾರ. ಉರಿ ಇಳಿಯೋದು ಕಾಲಿದ್ದೋರಿಗೆಲ್ಲಾ ಗೊತ್ತೈತಿ. ನಮ್ಮ ಕಾಲು ಹೇಳೋದು ಸುಳ್ಳು, ನಿಮ್ಮ ಹಿತ್ತಾಳಿ ಕೊಳಿವಿ ಹೇಳೋದು ಖರೇ ಏನು?" ಅಂದ.

ದಸ್ತಗಿರಿ ಮೆತ್ತಗೆ ಉತ್ತರ ಕೊಟ್ಟ. "ಉರಿ ಇಳಿಯೋದು ಖರೇನ ಐತಿ ಪೂಜಾರಿ. ಹುಳ ಮರಿ ಹಾಕಿ ಹಗುರ ಆಗತೈತಿ, ಅದಕ್ಕ ಇಳೀತೈತಿ. ನಾನು ತಾಯಿನ್ನ ಬಿಡ್ರಿ ಅನ್ನಾಕ ಬಂದಿಲ್ಲ. ಕಾಲು ನೀರಿಗೆ ಹೋಗಬಾರದು, ಇಷ್ಟ."

ಹಿಂದಿನಿಂದ ಯಾರೋ, ಇವರ ದೇವರು ಬೇರೆ, ನಮ್ಮ ದೇವರ ಸುದ್ದಿ ಇವರಿಗ್ಯಾಕೆ ಅಂದರು. ಆ ಮಾತು ಬರಲಿ ಅಂತಲೇ ಕಾಯುತ್ತಿದ್ದವನಂತೆ ಉಚ್ಚೀರಪ್ಪ ಎದ್ದ. ತಾನು ಕೊಳವೆಯಲ್ಲಿ ಏನು ಕಂಡೆ ಅನ್ನುವುದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡಿದ. ಬಳ್ಳಾರಿ ಅತ್ತ ಹೋಯಿತು, ನಾವು ಇತ್ತ ಉಳಿದೆವು, ನಮ್ಮನ್ನು ಯಾರು ಕೇಳಿದರು? ಸಾಲೆಯ ಬೋರ್ಡು ತೆಲುಗಿಗೆ ಬದಲಾಯಿತು, ಯಾರು ಕೇಳಿದರು? ಈಗ ಕರ್ನೂಲಿನ ರಾಜಧಾನಿಯಲ್ಲಿ ಕೂತವರು ಮೆಟ್ಟಿಲು ಮುಚ್ಚಿರಿ ಅಂತಾರೆ, ನಾಳೆ ತಾಯಿಯನ್ನೇ ಎತ್ತಿರಿ ಅಂದಾರು. ಮುದುಕರು ಕಣ್ಣೊರೆಸಿಕೊಂಡರು. ಹುಳಕ್ಕೆ ಮೈಸೂರು ಯಾವುದು, ಆಂಧ್ರ ಯಾವುದು ಅಂತ ಕೇಳಬೇಕೆಂದು ನನ್ನ ನಾಲಿಗೆ ತುದಿಗೆ ಬಂತು. ಜನ ಸೀಟಿ ಹೊಡೆಯುತ್ತಿದ್ದರು.

ಆಗ ದುರುಗಣ್ಣ ಗುಡಿಯ ತಾಮ್ರದ ತಂಬಿಗೆ ತಂದ. "ಇದು ತಾಯಿ ತೀರ್ಥ. ಇದನ್ನ ಹಾಕಿ ನೋಡು" ಅಂದ.

ದಸ್ತಗಿರಿಯ ಮುಖ ಸಣ್ಣದಾಯಿತು. ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ತೀರ್ಥವೂ ಅದೇ ಬಾವಿಯದು. ಹುಳ ಇಲ್ಲ ಅಂದರೆ, ತಾಯಿ ಮುಟ್ಟಿದ ನೀರು ಶುದ್ಧ ಅಂತಾಗುತ್ತದೆ. ಇದೆ ಅಂದರೆ, ತೀರ್ಥಕ್ಕೆ ಹುಳ ಅಂದವನು ಊರ ಗಡಿ ದಾಟುವುದು ಕಷ್ಟ. ಅವನು ಬೇಡ ಅಂತ ಕೈ ಮುಗಿದ. ದುರುಗಣ್ಣ ತಾನೇ ಬೆರಳದ್ದಿ ಗಾಜಿನ ಮೇಲೆ ಹನಿ ಬಿಟ್ಟ.

"ಸಾಬರು ನೋಡೋದು ಬ್ಯಾಡ," ಅಂದ ಉಚ್ಚೀರಪ್ಪ, "ನಮ್ಮವನೊಬ್ಬ ನೋಡ್ಲಿ. ಓಬಳೇಶ, ಬಾರೋ ಇತ್ತ."

ಊರಲ್ಲಿ ಇಷ್ಟು ಜನ ಇದ್ದು ನನ್ನನ್ನೇ ಯಾಕೆ ಕರೆದ ಅನ್ನುತ್ತೀರಾ? ನನ್ನ ಕೀರ್ತಿ ಅಂಥದ್ದು. ನಾನು ನೋಡಿದೆ. ತೀರ್ಥದ ಹನಿಯಲ್ಲಿ ಮೂರು ಹೇನು. ಒಂದರ ಬಾಲದ ಎರಡೂ ಬದಿಗೆ ಮೊಟ್ಟೆಯ ಚೀಲ ಜೋತಿದ್ದವು, ಕೂಲಿಗೆ ಹೊರಟ ಹೆಂಗಸು ಬುತ್ತಿಗಂಟು ಕಟ್ಟಿಕೊಂಡಂತೆ. ತಲೆ ಎತ್ತಿದರೆ ಹೆಂಗಸರ ಕಡೆ ಗಾದಿಲಿಂಗಮ್ಮ ಮಡಚಿದ ಕಾಲನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು, ಹಿಮ್ಮಡಕ್ಕೆ ಕಡ್ಡಿ ಕಟ್ಟಿಕೊಂಡು, ನನ್ನ ಬಾಯನ್ನೇ ನೋಡುತ್ತ. ಅಂಥ ನೋಟ ನಾನು ಮದುವೆಯ ದಿನವೂ ಕಂಡಿರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಮಾತು ಅಳತೆಗೆ ಸರಿಯಾಗಿ ಬಂತು.

"ಅದಾವ. ಎಳ್ಳಿನಕಿಂತ ಸಣ್ಣವು. ಮೂರು ಅದಾವ" ಅಂದೆ.

ಮುದುಕರು ತಮ್ಮ ತಮ್ಮ ಕಾಲು ನೋಡಿಕೊಂಡರು. ದುರುಗಣ್ಣ ಕೂಡ ತೀರ್ಥದಲ್ಲಿ ಅದ್ದಿದ ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಇನ್ನೊಂದು ಗಳಿಗೆ ಹಾಗೇ ಇದ್ದಿದ್ದರೆ ಗೋಡೆ ಎದ್ದೇ ಬಿಡುತ್ತಿತ್ತು ಅಂತ ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಉಚ್ಚೀರಪ್ಪ ಕಟ್ಟೆಯಿಂದಿಳಿದು ನನ್ನ ಹೆಗಲ ಮೇಲೆ ಪ್ರೀತಿಯಿಂದ ಕೈ ಹಾಕಿದ.

"ಆದೋನ್ಯಾಗ ಹತ್ತಿ ತೂಗೋವಾಗ ತ್ಯಾವ, ಕಸ ಅಂತ ಕಳೀತಾರ ಹೌದಿಲ್ರಿ? ಹಂಗ ಓಬಳೇಶ ಆನಿ ಅಂದ್ರ ನಾವು ನಾಯಿ ಅಂತ ತಗೋತೀವಿ. ನಾಯಿ ಅಂದ್ರ ನೊಣ. ಇವತ್ತು ಎಳ್ಳಿನಕಿಂತ ಸಣ್ಣದು ಅಂದಾನ. ಇದರಾಗ ಕಳದ್ರ ಏನು ಉಳೀತೈತಿ?"

ಏನೂ ಉಳಿಯಲಿಲ್ಲ. ಇಡೀ ಊರು ನಕ್ಕಿತು. ನಕ್ಕ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಹಾರಿ ಬಳ್ಳಾರಿ ಸೇರಿದವು. ನಾನು ಒಬ್ಬೊಬ್ಬರ ತೋಳು ಹಿಡಿದು, ನೀನೇ ಬಂದು ನೋಡು, ನಿನ್ನ ಕಣ್ಣಿಂದಲೇ ನೋಡು ಅಂತ ಎಳೆದೆ. ನಗುತ್ತ ತೋಳು ಬಿಡಿಸಿಕೊಂಡರು. ತೀರ್ಥವನ್ನು ಕೊಳವೆಯಲ್ಲಿ ನೋಡುವ ಪಾಪ ಯಾರಿಗೂ ಬೇಕಾಗಿರಲಿಲ್ಲ. ದಸ್ತಗಿರಿ ಗಾಜು ಒರೆಸಿ ಪೆಟ್ಟಿಗೆಯಲ್ಲಿಟ್ಟ. ಮೆಟ್ಟಿಲು ಮೊದಲಿನಂತೆಯೇ ಇರತಕ್ಕದ್ದು, ನೀರು ಸೋಸಿದವರು ತಾಯಿಯನ್ನು ಸೋಸಿದಂತೆ ಅಂತ ತೀರ್ಮಾನವಾಯಿತು. ದಸ್ತಗಿರಿ ನನ್ನ ಪಕ್ಕದಲ್ಲಿ ಹಾದುಹೋಗುವಾಗ, ನಿನ್ನ ಮನೆಯಾಕೆಯನ್ನಾದರೂ ಉಳಿಸಿಕೋ ಅಂದ. ಆಮೇಲೆ ಅವನು ನಮ್ಮೂರಿಗೆ ಬರಲಿಲ್ಲ.

ಗಾದಿಲಿಂಗಮ್ಮ ನನ್ನ ಹೆಗಲು ಹಿಡಿದು ಮನೆಗೆ ಕುಂಟಿದಳು. ಬಾಗಿಲ ಹತ್ತಿರ ನಿಂತು ಕೇಳಿದಳು, "ಖರೇನ ಕಂಡ್ಯೇನು?"

"ಕಂಡೆ."

"ತೀರ್ಥದಾಗ?"

"ತೀರ್ಥದಾಗ."

"ನೀ ರೂಪಾಯಿ ಅಂದದ್ದು ನಾಕಾಣೆ ಅಂತ ತಗೊಂಡು ಇಷ್ಟು ದಿನ ಬಾಳೇವು ಮಾಡೀನಿ. ಇದರಾಗ ಎಷ್ಟು ಕಳೀಲಿ, ಹೇಳು."

"ಏನೂ ಕಳೀಬ್ಯಾಡ."

ಆಕೆ ನನ್ನ ಹೆಗಲು ಬಿಟ್ಟು ಬಾಗಿಲ ಚೌಕಟ್ಟು ಹಿಡಿದಳು. "ನೀ ಎಲ್ಲಾರ ಮುಂದ ತಾಯಿ ತೀರ್ಥಕ್ಕ ಹುಳ ಅಂದಿ. ಈ ಮಂಗಳಾರ ನಾ ಕಾಲು ಒಪ್ಪಸಲಿಲ್ಲಂದ್ರ ಅದರ ಪಾಪ ನಿನಗ ಹತ್ತತೈತಿ. ನಾ ಹೋಗಾಕಿನ."

ನೋಡಿದಿರಾ, ಎಲ್ಲಿಗೆ ಬಂತು. ಮೊದಲು ಭಕ್ತಿಗೆ ಕುಡಿಯುತ್ತಿದ್ದಳು, ಈಗ ನನ್ನ ಸಲುವಾಗಿ ಕುಡಿಯಬೇಕು. ನಾನು ಗಾಡಿ ಕಟ್ಟಿ, ನಡಿ ಹಾಲಹರವಿಗೆ, ನಿನ್ನ ತವರಿಗೆ ಹೋಗೋಣ ಅಂದೆ. ಒಲ್ಲೆ ಅಂದಳು. ಬೈದೆ, ಅತ್ತೆ, ಕಡೆಗೆ ನಾನು ಕಂಡದ್ದೆಲ್ಲ ಸುಳ್ಳು ಅಂತಲೂ ಅಂದೆ. ಸುಳ್ಳಾಗಿದ್ದರೆ ಹೋಗಲು ಅಡ್ಡಿ ಏನು ಅಂದಳು.

ಮಂಗಳವಾರ ಬಾವಿಯ ಮೇಲೆಲ್ಲ ಜನ. ದುರುಗಣ್ಣ ಗೂಡಿನ ಹತ್ತಿರ ನಿಂತಿದ್ದ. ಗಾದಿಲಿಂಗಮ್ಮ ಕುಂಡಿಯ ಮೇಲೆ ಜಾರುತ್ತ ಒಂದೊಂದೇ ಮೆಟ್ಟಿಲು ಇಳಿದಳು, ನಾನು ಕೆಳಗಿನ ಮೆಟ್ಟಿಲಲ್ಲಿ ಹಿಡಿದುಕೊಳ್ಳುತ್ತ ಹೋದೆ. ಬಲಗಾಲನ್ನು ನೀರಿಗೆ ಬಿಟ್ಟಳು. ಹಾಲಿನ ಎಳೆ ಹೊರಟು, ಹರಡಿ, ಕಾಣದಾಯಿತು. ಆಕೆಯ ಹುಬ್ಬಿನ ಗಂಟು ಬಿಚ್ಚಿತು, ಎಷ್ಟೋ ರಾತ್ರಿ ನಿದ್ದೆ ಇಲ್ಲದ ಮುಖ ಮಗುವಿನ ಮುಖವಾಯಿತು. ಆ ಮುಖದ ಎದುರು ಯಾವ ದುರ್ಬೀನು ತಂದಿಡಲಿ?

ಬೊಗಸೆ ತುಂಬಿದಾಗ ನಾನು ರುಮಾಲಿನ ಸೆರಗನ್ನು ಎರಡು ಮಡಿಕೆ ಮಾಡಿ ಅದರ ಮೇಲೆ ಹಿಡಿದೆ. ಇದರ ಮೇಲಿಂದ ಹೀರು, ಯಾರಿಗೂ ಕಾಣುವುದಿಲ್ಲ ಅಂತ ಪಿಸುಗುಟ್ಟಿದೆ. ಆಕೆ ನೀರು ಚೆಲ್ಲಿ, ಬಟ್ಟೆಯನ್ನು ಹಿಂಡಿ, ನನ್ನ ಹೆಗಲ ಮೇಲೆ ಹಾಕಿದಳು. ಮತ್ತೆ ತುಂಬಿ ಕುಡಿದಳು. ಮೂರು ಬೊಗಸೆ. ನಾಲ್ಕನೆಯದನ್ನು ನನ್ನ ಬಾಯಿಗೆ ಹಿಡಿದಳು.

"ನೀನೂ ಕುಡಿ. ಎಲ್ಲಾರೂ ನೋಡಾಕತ್ತಾರ."

ಮೇಲೆ ಊರು ನಿಂತಿತ್ತು. ನಾನು ಕುಡಿಯದಿದ್ದರೆ ಆಕೆಯ ಕೊಡವನ್ನು ಈ ಬಾವಿಗೆ ಬಿಡುವವರಿರಲಿಲ್ಲ, ಉಳಿದ ಬಾವಿಗಳೆಲ್ಲ ಉಪ್ಪು. ಬೊಗಸೆಯೊಳಗೆ ಕಣ್ಣು ಕಿರಿದು ಮಾಡಿ ನೋಡಿದೆ. ಆಕೆಯ ಅಂಗೈಯ ಗೆರೆಗಳು ಬಿಟ್ಟರೆ ಏನೂ ಕಾಣಲಿಲ್ಲ. ಕುಡಿದೆ.

"ಹೆಂಗೈತಿ?" ಅಂದಳು.

"ತಣ್ಣಗೈತಿ" ಅಂದೆ.

ಆಕೆಗೆ ಸಮಾಧಾನವಾಯಿತು. ಮಡಿಲಿನಿಂದ ಅರಿಶಿನದ ಪೊಟ್ಟಣ ತೆಗೆದಳು. ಅಲ್ಲಿಯತನಕ ಮೆಟ್ಟಿಲ ಮೇಲೆ ಮಡಚಿಟ್ಟುಕೊಂಡಿದ್ದ ಎಡಗಾಲನ್ನೂ ನೀರಿಗಿಳಿಸಿ, ಮೊಣಕಾಲಿನಿಂದ ಬೆರಳಿನತನಕ ಅರಿಶಿನ ಹಚ್ಚಿ, ಬೊಗಸೆ ಬೊಗಸೆ ನೀರು ಹೊಯ್ದುಕೊಂಡಳು.

"ಇದೊಂದು ಕಾಲು ಕಾಯವ್ವ, ತಾಯಿ" ಅಂದಳು.