ಮೂವತ್ತೆಂಟರ ಪಕ್ಕ ಇನ್ನೂರ ಆರು

ನಮ್ಮ ಬಡಾವಣೆಯಲ್ಲಿ ನನ್ನ ಮನೆಯ ನಂಬರು ಮೂವತ್ತೆಂಟು. ಒಂದು ಪಕ್ಕ ಇನ್ನೂರ ಆರು, ಇನ್ನೊಂದು ಪಕ್ಕ ಹನ್ನೊಂದು. ಹೊಸಬರಿಗೆ ತಲೆಬುಡ ಅರ್ಥವಾಗುವುದಿಲ್ಲ. ಇಲ್ಲಿ ಮನೆಗಳಿಗೆ ನಂಬರು ಬಂದದ್ದು ಬೀದಿಯ ಸಾಲಿನಲ್ಲಲ್ಲ, ಕಟ್ಟಿದ ಸರದಿಯಲ್ಲಿ. ಇಟ್ಟಿಗೆ ಗೂಡುಗಳು ಮುಚ್ಚಿದ ಮೇಲೆ ಈ ಬಯಲಿಗೆ ಮೊದಲು ಬಂದವರು ಬೇಕರಿಯವರು, ಅವರದು ಒಂದು. ಆಮೇಲೆ ವೆಲ್ಡಿಂಗಿನವರು, ನರ್ಸಮ್ಮ, ಗಡಿಯಾಚೆಯಿಂದ ಗಂಟುಮೂಟೆ ಹೊತ್ತು ಬಂದ ದರ್ಜಿ ಅಕ್ಕ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಜಗಳಕ್ಕೂ ಕೈಸನ್ನೆಯೇ ಗತಿ. ಮೂವತ್ತು ವರ್ಷ ಇಲ್ಲಿ ಕಾಗದ ಹಂಚಿದ ನನಗೆ ಮಾತ್ರ ಅಷ್ಟೂ ನಂಬರು ಬಾಯಿಪಾಠ. ಅದರ ಜಂಬ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ.

ಹೋದ ವರ್ಷ ನಗರಸಭೆಯವರು ನಂಬರುಗಳನ್ನು ಸಾಲಾಗಿ ಬದಲಿಸುತ್ತೇವೆಂದು ಬಂದಾಗ ಅಡ್ಡಗಾಲು ಹಾಕಿದವನು ನಾನೇ. "ಇದು ನಮ್ಮ ಚರಿತ್ರೆ ಕಣ್ರೀ" ಎಂದು ಮನೆಮನೆ ಸುತ್ತಿ ಸಹಿ ಹಾಕಿಸಿದೆ. "ಅಂಚೆಯಣ್ಣ ಹೇಳಿದ್ಮೇಲೆ ಮುಗೀತು" ಎಂದು ಎಲ್ಲರೂ ಹಾಕಿದರು. ನಗರಸಭೆಯವರು ಸುಮ್ಮನಾದರು.

ಈಗ್ಗೆ ಮೂರು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿ ಎದೆ ಹಿಡಿದುಕೊಂಡು ಅಲ್ಲೇ ಕುಸಿದಳು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಹತ್ತು ನಿಮಿಷಕ್ಕೆ ಡ್ರೈವರನೇ ಫೋನ್ ಮಾಡಿದ.

"ಮೂವತ್ತೇಳರ ಮುಂದೆ ನಿಂತಿದೀನಿ ಸಾರ್. ಮೂವತ್ತೆಂಟು ಎಲ್ಲಿ?"

ಮೂವತ್ತೇಳು ಇರುವುದು ಆ ತುದಿಯಲ್ಲಿ, ಕಾಲುವೆಯಾಚೆ. ದಾರಿ ಹೇಳಲು ಹೋದರೆ ಅಷ್ಟು ವರ್ಷ ತುಳಿದ ಬೀದಿಗಳೆಲ್ಲ ತಲೆಯಲ್ಲಿ ಕಲಸಿಹೋಗಿದ್ದವು. ಅವಳ ತುಟಿ ನೀಲಿಗಟ್ಟುತ್ತಿತ್ತು. ನನ್ನ ಹಟವೇ ಇವಳನ್ನು ಕೊಲ್ಲುತ್ತಿದೆ ಎನಿಸಿತು.

ನನ್ನ ಕೂಗಾಟ ಕೇಳಿ ಪಕ್ಕದ ಮನೆಯಿಂದ ದರ್ಜಿ ಅಕ್ಕ ಬಂದಳು, ಫೋನು ಹಿಡಿದು ಕಾಲುವೆಯತ್ತ ತೋರಿಸುತ್ತಿದ್ದ ನನ್ನನ್ನು ನೋಡಿದಳು, ಬೀದಿಯ ತಿರುವಿಗೆ ಓಡಿ ತನ್ನ ಭಾಷೆಯಲ್ಲಿ ಕಿರುಚಿದಳು. ಮಾತು ಅರ್ಥವಾಗದಿದ್ದರೂ ಅವಳ ಕೈಸನ್ನೆ ತಿಳಿದ ವೆಲ್ಡಿಂಗಿನವರು ಮುಂದಿನ ತಿರುವಿಗೆ ಓಡಿ ತಮ್ಮ ಭಾಷೆಯಲ್ಲಿ ಕೂಗಿದರು. ನರ್ಸಮ್ಮ ಬಂದು ಎದೆ ಒತ್ತತೊಡಗಿದರು. ಅಷ್ಟರಲ್ಲಿ ಸೈರನ್ ಹತ್ತಿರವಾಯಿತು.

"ತಿರುವಿಗೊಬ್ರು ನಿಂತು ಕೈ ತೋರಿಸ್ತಿದ್ರು ಸಾರ್" ಎಂದ ಡ್ರೈವರ್, ಆಸ್ಪತ್ರೆಯಲ್ಲಿ. "ಒಬ್ಬರ ಕೈಯಲ್ಲಿ ಅರ್ಧ ಹೊಲಿದ ಅಂಗಿ, ಇನ್ನೊಬ್ಬರ ಮೈಯೆಲ್ಲಾ ಮೈದಾ. ಎಲ್ಲೂ ಬ್ರೇಕ್ ಹಾಕ್ಲಿಲ್ಲ ನಾನು."

ಅವಳು ಉಳಿದಳು. ಮರುವಾರ ಮತ್ತೆ ಮನೆಮನೆ ಸುತ್ತಿದೆ, ನಂಬರು ಬದಲಿಸಿಕೊಡಿ ಎಂಬ ಅರ್ಜಿ ಹಿಡಿದು. ತಲೆ ಎತ್ತಲಾಗಲಿಲ್ಲ. ಬೇಕರಿಯವರ ಮುಂದಂತೂ ಕಣ್ಣು ತುಂಬಿ ಬಂತು. ಒಂದನೆಯ ನಂಬರು ಹೋಗುವುದು ಅವರದೇ.

"ಮೊದ್ಲು ಅತ್ತಿಗೆ ಹೇಗಿದಾರೆ ಹೇಳಿ ಅಣ್ಣ" ಎಂದರು ಅವರು, ಪೆನ್ನು ಹುಡುಕುತ್ತಾ. "ನಂಬರ್ ಇಟ್ಕೊಂಡು ನಾನೇನ್ ಉಪ್ಪಿನಕಾಯಿ ಹಾಕ್ಲಾ?"

ಇವರ ಋಣ ಹೇಗೆ ತೀರಿಸಲಿ ನಾನು? ತೀರುವುದೂ ಬೇಡ.

ನಿನ್ನೆ ಹೊಸ ನಂಬರಿನ ಫಲಕ ಬಂತು. ಅವಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ವಾರೆ ಆಯ್ತು ರೀ. ಸ್ವಲ್ಪ ಎಡಕ್ಕೆ. ಒಂದು ಮೊಳೆ ಹೊಡೆಯೋಕೂ ಬರಲ್ವಾ ನಿಮಗೆ?"

ಎಡಕ್ಕೆ ಸರಿಸಿದೆ. ಸರಿಯಾಗಿ ಕೂತಿತು. ಅವಳ ಬೈಗುಳ ಇನ್ನೊಮ್ಮೆ ಕೇಳಬೇಕೆನಿಸಿ, ಬೇಕೆಂದೇ ಮತ್ತೆ ವಾರೆ ಮಾಡಿದೆ.