ಒಂದೇ ಸೀಸೆ

ಅಮ್ಮನ ಕೊನೆಯ ಸ್ನಾನಕ್ಕೆಂದು ತುಂಬಿದ ಕೊಡವನ್ನು ಇಸಕ್ಕಿ ಎತ್ತುವಷ್ಟರಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಮ್ಮನ ಫೋನು ನಡುಗಿತು. ಅವಳು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಅಡಿಹೊಟ್ಟೆಯ ಉರಿ ನಿಲ್ಲಲಿಲ್ಲ.

ಅಂಗಳದ ಬೆಂಚಿನ ಮೇಲೆ ಅಮ್ಮ ಮುತ್ತುಪೇಚ್ಚಿ ಮಲಗಿದ್ದಳು. ತಿರುನೆಲ್ವೇಲಿಯ ಸೀರೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ನಿಂತೇ ಇದ್ದವಳು. ಹೆಬ್ಬೆರಳು ಸೇರಿಸಿ ಕಟ್ಟಿದ್ದರೂ ಊದಿದ ಪಾದಗಳು ಇನ್ನೂ ನೆಲ ಹುಡುಕುವಂತಿದ್ದವು.

"ಕೆಲಸಕ್ಕೆ ಹೋದರೆ ಗುಟುಕು ನೀರು ಕುಡೀತಿರಲಿಲ್ಲ ಇವಳು," ಎಂದಳು ಚಿಕ್ಕಮ್ಮ ವೇಲಮ್ಮಾಳ್, ಮೊದಲ ಚೊಂಬು ಸುರಿಯುತ್ತ. "ಕುಡಿದರೆ ಒಂದಕ್ಕೆ ಹೋಗಬೇಕಲ್ಲ, ಸೂಪರ್‌ವೈಸರ್ ಗಡಿಯಾರ ನೋಡ್ತಾನೆ. ಈಗ ಕುಡಿಯೇ ಅಕ್ಕಾ, ಯಾರೂ ಬೈಯಲ್ಲ."

ಯಾರೋ ನಕ್ಕರು, ನಕ್ಕವರೇ ಅತ್ತರು. ತುಟಿಗೆ ತಾಗಿದ ನೀರು ಒಳಗಿಳಿಯದೆ ಕೆನ್ನೆಗೆ ಜಾರಿತು. ನೀರಿನ ಸದ್ದಿಗೇ ಇಸಕ್ಕಿಗೆ ಉರಿ ಹೆಚ್ಚಿತು.

*

ಆ ಉರಿ ತಾಯಿ ಮಗಳಿಬ್ಬರಿಗೂ ಇತ್ತು. ಔಷಧದಂಗಡಿಯ ಮಾತ್ರೆ ತಲಾ ಮೂರು ನುಂಗುವುದು, ಉರಿ ತಗ್ಗಿದರೆ ಉಳಿದದ್ದನ್ನು ಪೌಡರ್ ಡಬ್ಬಿಯಲ್ಲಿಡುವುದು, ವರ್ಷಗಳಿಂದ ಹೀಗೇ. ಈ ಸಲ ಯಾವುದೂ ನಾಟಲಿಲ್ಲ. ಸೋಮವಾರ ಅಮ್ಮನಿಗೆ ಚಳಿಜ್ವರ ಬಂದಾಗ ಆಸ್ಪತ್ರೆಗೆ ಹೋದರು. ಅಮ್ಮನ ಸೀರೆ ಅಂಗಡಿಯಲ್ಲೇ ಕೆಲಸಕ್ಕಿದ್ದರೂ ಇಸಕ್ಕಿ ದಿನಗೂಲಿ. ಪುಕ್ಕಟೆ ಚಿಕಿತ್ಸೆಯ ವಿಮೆ ಕಾರ್ಡು ಅಮ್ಮನಿಗೆ ಮಾತ್ರ. ಮೂತ್ರ ಪರೀಕ್ಷೆಗೆಂದು ಸೀಸೆ ಹಿಡಿದು ಹೋದ ಅಮ್ಮ ಖಾಲಿ ಸೀಸೆಯೊಂದಿಗೇ ಬಂದಳು.

"ಒಂದು ಹನಿ ಬರ್ತಿಲ್ಲ. ನೀನೇ ತುಂಬ್ಸು."

"ಸೀಸೆ ಮೇಲಿರೋ ಹೆಸರು ನಿಂದಲ್ವೇನಮ್ಮಾ?"

"ಇಬ್ಬರದೂ ಒಂದೇ ಉರಿ ಕಣೇ. ಒಂದು ಸೀಸೆ ಸಾಕು."

ಇಸಕ್ಕಿ ಸೀಸೆ ತುಂಬಿಸಿ ಕೊಟ್ಟಳು. ವರದಿ ಗುರುವಾರ ಎಂದರು. ಅಲ್ಲಿಯವರೆಗೆಂದು ಅಮ್ಮ ಡಬ್ಬಿಯ ಮಾತ್ರೆಗಳನ್ನೇ ನುಂಗಿದಳು. ಬುಧವಾರ ಸಂಜೆಯೊಳಗೆ ನಂಜು ರಕ್ತಕ್ಕೇರಿತ್ತು.

*

ಕೊನೆಯ ಕೊಡ ತುಂಬಲು ಬೀದಿಯ ನಲ್ಲಿಗೆ ಬಂದಾಗ ಫೋನು ಮತ್ತೆ ನಡುಗಿತು. ಪ್ರಯೋಗಾಲಯದ ಹೆಂಗಸು, ನಾಲ್ಕನೇ ಸಲ ಮಾಡುತ್ತಿದ್ದೇನೆ ಎಂದಳು. ಮೂತ್ರದಲ್ಲಿ ಸಿಕ್ಕ ಕ್ರಿಮಿಯನ್ನು ತಟ್ಟೆಯಲ್ಲಿ ಬೆಳೆಸಿ, ಅದರ ಮೇಲೆ ಹತ್ತು ಔಷಧ ಇಟ್ಟು ನೋಡಿದ್ದರಂತೆ. ಎಂಟಕ್ಕೆ ಬಗ್ಗದೆ ಅವುಗಳ ಅಂಚಿನವರೆಗೂ ಬೆಳೆದು ನಿಂತಿದೆಯಂತೆ. ಮಾತ್ರೆ ಕೆಲಸ ಮಾಡುವುದಿಲ್ಲ, ಇವತ್ತೇ ಬಂದು ದಾಖಲಾಗಬೇಕು, ಇಂಜೆಕ್ಷನ್ನೇ ಗತಿ.

"ತಟ್ಟೆ ನನ್ನ ಮುಂದೇ ಇದೆ. ಇನ್ನೂ ಬೆಳೀತಾನೇ ಇದೆ," ಎಂದಳು. "ಮುತ್ತುಪೇಚ್ಚಿ ಅವರೇ ತಾನೆ ಮಾತಾಡ್ತಿರೋದು?"

ಅಂಗಳದಲ್ಲಿ ಶಂಖ ಊದಿದರು. "ಮುತ್ತುಪೇಚ್ಚಿಗೆ ಕೊನೇ ನೀರು, ಬೇಗ ತಾರೇ," ಎಂದು ಚಿಕ್ಕಮ್ಮ ಕೂಗುತ್ತಿದ್ದಳು. ಉರಿಬಿಸಿಲಲ್ಲೂ ಇಸಕ್ಕಿಯ ಹಲ್ಲು ಚಳಿಗೆ ಕಟಕಟಿಸಿದವು.

"ಹೌದು," ಎಂದಳು. "ನಾನೇ. ಬರ್ತೀನಿ."

ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಅಮ್ಮನಿಗೆಂದು ತುಂಬುತ್ತಿದ್ದ ಕೊಡಕ್ಕೆ ಬೊಗಸೆಯಿಳಿಸಿ, ಅವಳು ಕುಡಿಯತೊಡಗಿದಳು.